ಆಕ್ಸಿಡೆಂಟ್ ಕೇಸಿನಲ್ಲಿ ಪೊಲೀಸರು ಕೊಡುವ ‘ಫಾರಂ 6’ ನಾವೇ ತುಂಬಬೇಕಾ?

ತಮ್ಮನ ಬೈಕಿಗೆ ಕಾರು ಗುದ್ದಿ ಕಾಲು ಮುರಿದಿದೆ, ಎಫ್‌ಐಆರ್ ಆಗಿದೆ, ಈಗ ಠಾಣೆಯವರು ‘ಫಾರಂ 6’ ತುಂಬಿ ಕೊಡಿ ಅಂದಿದ್ದಾರೆ, ಲಾಯರಿಗೆ ಬಿಟ್ಟರೆ ಆಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಪೂರ್ತಿ ಅವರಿಗೇ ಬಿಡಬೇಡಿ. ಲಾಯರಿಗೆ ತೋರಿಸಿ, ಆದರೆ ಮನೆಯವರೇ ಕೂತು ತುಂಬಿ. ಅದರಲ್ಲಿ ಕೇಳುವುದೆಲ್ಲ ನಿಮ್ಮ ತಮ್ಮನ ದುಡಿಮೆ, ಗಾಯ, ಖರ್ಚಿನ ವಿಷಯ. ಅದು ನಿಮಗಲ್ಲದೆ ಬೇರೆ ಯಾರಿಗೆ ಗೊತ್ತಿರುತ್ತದೆ?

ಈ ಫಾರಂಗಳು ಬಂದಿದ್ದು 2022ರ ಏಪ್ರಿಲ್ 1ರಿಂದ. ಅಪಘಾತದ ಸುದ್ದಿ ಸಿಕ್ಕ 48 ಗಂಟೆಯೊಳಗೆ ಪೊಲೀಸರು ಫಾರಂ 1ರಲ್ಲಿ ಮೊದಲ ವರದಿ ಕಳಿಸಬೇಕು. ಕಾರಿನ ಡ್ರೈವರ್ ಫಾರಂ 3, ಓನರ್ ಫಾರಂ 4 ತುಂಬಿಕೊಡಲು 30 ದಿನ ಇರುತ್ತದೆ. ಗಾಯಾಳು ಫಾರಂ 6 ಕೊಡಲು 60 ದಿನ. ಇವನ್ನೆಲ್ಲ ಸೇರಿಸಿ 90 ದಿನದೊಳಗೆ ಪೊಲೀಸರು ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಅಂದರೆ ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ, ಪೂರ್ತಿ ವರದಿ ಕೊಡಬೇಕು. ಪೊಲೀಸರ ವರದಿಯನ್ನೇ ಪರಿಹಾರದ ಅರ್ಜಿ ಅಂತ ನೋಡಬೇಕು ಎಂದು ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಹೇಳುತ್ತದೆ. ಅದಕ್ಕೇ ಖಾಲಿ ಬಿಟ್ಟ ಒಂದೊಂದು ಜಾಗವೂ ಮುಂದೆ ನಮಗೇ ತೊಂದರೆ.

ನಮ್ಮ ತಂದೆಯ ಕೇಸಿನಲ್ಲಿ ಹಾಗೇ ಆಯಿತು. ಗೂಡ್ಸ್ ಆಟೋ ತಗುಲಿ ಸೊಂಟಕ್ಕೆ ಪೆಟ್ಟಾಗಿತ್ತು. ಆಸ್ಪತ್ರೆ ಓಡಾಟದ ಗಡಿಬಿಡಿಯಲ್ಲಿ ಕೆಲಸ ‘ಕೃಷಿ’ ಅಂತ ಬರೆದೆವು, ಆದಾಯ ಬರೆಯಲೇ ಇಲ್ಲ. ಸಂಬಳದ ಚೀಟಿ ಇಲ್ಲದವರು ಏನು ಬರೆಯುವುದು ಅಂದುಕೊಂಡಿದ್ದೆವು. ಆದರೆ ಅಪ್ಪ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದರು. ಡೇರಿ ಪಾಸ್‌ಬುಕ್‌ನಲ್ಲಿ ಪ್ರತಿ ಬಟವಾಡೆಯ ಲೆಕ್ಕವೂ ಇತ್ತು. ಅದು ನೆನಪಾಗಿ ಕೊಡುವಷ್ಟರಲ್ಲಿ ತಿಂಗಳುಗಟ್ಟಲೆ ಅಲೆದಿದ್ದೆವು. ನಿಮ್ಮ ತಮ್ಮನಿಗೂ ಅಂಥ ಯಾವುದಾದರೂ ದಾಖಲೆ ಇರುತ್ತದೆ: ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಲೆಕ್ಕ, ಮೇಸ್ತ್ರಿ ಬರೆದುಕೊಟ್ಟ ಚೀಟಿ. ಹುಡುಕಿ ಜೊತೆಗಿಡಿ. ಔಷಧಿ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಆಸ್ಪತ್ರೆಗೆ ಹೋಗಿಬಂದ ಆಟೋ ಖರ್ಚು, ನೋಡಿಕೊಳ್ಳಲು ಕೆಲಸ ಬಿಟ್ಟು ನಿಂತವರ ಕೂಲಿ, ಎಲ್ಲವನ್ನೂ ಬರೆಯಿರಿ.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ತಮ್ಮನೂ ಗಾಡಿ ಓಡಿಸುತ್ತಿದ್ದವನೇ ಅಲ್ವಾ? 134ನೇ ಸೆಕ್ಷನ್ ಪ್ರಕಾರ ತನ್ನ ಬೈಕಿನ ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ತಪ್ಪು ಕಾರಿನವನದ್ದೇ ಅಂತ ಸುಮ್ನೆ ಇರಬೇಡಿ.

ಕಾರಿನವರು ‘ರಾಜಿ ಮಾಡಿಕೊಳ್ಳೋಣ, ಫಾರಂ ಕೊಡಬೇಡಿ’ ಅಂದರೆ ಒಪ್ಪಬೇಡಿ. ಮೂಳೆ ಕೂಡಿದ ಮೇಲೂ ಕಾಲು ಕುಂಟಿದರೆ ಆಗ ಕೇಳಲು ಕೈಯಲ್ಲಿ ಕಾಗದ ಇರಬೇಕು. ಟ್ರಿಬ್ಯೂನಲ್‌ಗೆ ನೀವೇ ಬೇರೆ ಅರ್ಜಿ ಹಾಕುವುದಾದರೆ ಅಪಘಾತವಾದ ದಿನದಿಂದ 6 ತಿಂಗಳು ಅಂತ ಕಾಯ್ದೆಯಲ್ಲಿದೆ, ಆ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಫಾರಂ ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಾಣೆಯ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ.