ಮೂರನೇ ವರ್ಷದ ಫೀಸು ಯಾರು ಕಟ್ಟೋದು?

ಶ್ರೀನಿವಾಸಪುರದವರು ನೀವು, ಮನೆಯವರು ನಮ್ಮ ಚಿಂತಾಮಣಿ ಕಡೆಯವರು. ನವೆಂಬರಿನಲ್ಲಿ ಮ್ಯೂನಿಕ್‌ಗೆ ಹೊರಟಿದ್ದೀರಿ. ಮಗಳಿಗೆ ಏಳು, ಮಗನಿಗೆ ನಾಲ್ಕು. ಇಬ್ಬರಿಗೂ ಎರಡು ವರ್ಷ ಇಂಟರ್‌ನ್ಯಾಷನಲ್ ಸ್ಕೂಲಿನ ಖರ್ಚು ಕೊಡ್ತೀವಿ ಅಂತ ಕಂಪನಿಯವರು ಹೇಳಿದ್ದಾರೆ. ಬರೀ ಇಂಗ್ಲಿಷಿನ ಶಾಲೆಯಾ, ಬೈಲಿಂಗ್ವಲ್, ಅಂದರೆ ಎರಡು ಭಾಷೆಯದು, ಅಂತ ಬೋರ್ಡ್ ಹಾಕಿರೋದಾ, ಜರ್ಮನ್ ಸರ್ಕಾರಿ ಶಾಲೆಗೆ ಹಾಕಿದರೆ ಇಂಗ್ಲಿಷ್ ಕೈಬಿಟ್ಟು ಹೋಗುತ್ತಾ, ಕನ್ನಡದ ಗತಿಯೇನು, ನಾಲ್ಕೈದು ವರ್ಷಕ್ಕೆ ವಾಪಸ್ ಬಂದರೂ ಬರಬಹುದು, ಏನ್ ಮಾಡೋದು ಅಂತ ಕೇಳಿದ್ದೀರಿ.

ಜರ್ಮನಿಯಲ್ಲಿ ಈಗ ಶಾಲೆಗೆ ಬೇಸಿಗೆ ರಜೆ, ಊರಿಗೆ, ಚಿಂತಾಮಣಿಗೆ ಬಂದಿದ್ದೀನಿ. ಅಮ್ಮ ಮುದ್ದೆಗೆ ಎಸರಿಟ್ಟಿದ್ದಾರೆ, ಅದು ಕುದಿಯೋದರೊಳಗೆ ಉತ್ತರ ಮುಗಿಯಲ್ಲ ಅನ್ನೋದು ಗೊತ್ತು. ಆದರೂ ಮೊದಲು ನಾನೇ ಒಂದು ಕೇಳ್ತೀನಿ. ಮೂರನೇ ವರ್ಷದ ಫೀಸು ಯಾರು ಕಟ್ಟೋದು?

ಇದನ್ನ ನಮಗೆ ಯಾರೂ ಕೇಳಿರಲಿಲ್ಲ. ನಮ್ಮದೂ ನಿಮ್ಮ ಥರದ್ದೇ ಕರಾರು, ಎರಡು ವರ್ಷ ಕಂಪನಿ ಖರ್ಚು. ಮಗಳನ್ನ ಒಂದು ಶಾಲೆಗೆ ಸೇರಿಸಿದ್ವಿ. ಹೆಸರು ಬೇಡ. ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬೈಲಿಂಗ್ವಲ್ ಅಂತಿತ್ತು. ಟೈಮ್‌ಟೇಬಲ್ ಕೈಗೆ ಬಂದಾಗ ನೋಡಿದರೆ ವಾರಕ್ಕೆ ನಾಲ್ಕು ಪೀರಿಯಡ್ ಜರ್ಮನ್, ಮಿಕ್ಕಿದ್ದೆಲ್ಲ ಇಂಗ್ಲಿಷ್. ಆ ನಾಲ್ಕು ಪೀರಿಯಡ್ಡಿಗೂ ಒಂದೇ ವರ್ಷದಲ್ಲಿ ಮೂರು ಜನ ಟೀಚರು ಬಂದು ಹೋದರು. ಮಕ್ಕಳೆಲ್ಲ ಆಡೋದು ಇಂಗ್ಲಿಷಿನಲ್ಲಿ. ಶಾಲೆ ಚೆನ್ನಾಗೇ ಇತ್ತು, ಅದನ್ನ ಇಲ್ಲ ಅನ್ನಲ್ಲ. ಮಗಳು ಕುಣಿದುಕೊಂಡು ಹೋಗಿ ಕುಣಿದುಕೊಂಡು ಬರ್ತಿದ್ದಳು. ಎರಡು ವರ್ಷ ಆದಮೇಲೆ ಕರಾರು ಅಲ್ಲಿನ ಸ್ಥಳೀಯ ಸಂಬಳಕ್ಕೆ ಬದಲಾಯಿತು, ಫೀಸು ನಿಂತಿತು. ವರ್ಷಕ್ಕೆ ಇಪ್ಪತ್ತು ಸಾವಿರ ಯೂರೋ ಆಸುಪಾಸು ಒಂದು ಮಗುವಿಗೆ. ಕೈಯಿಂದ ಕಟ್ಟೋ ಮಾತೇ ಇರಲಿಲ್ಲ. ಮೂರನೇ ತರಗತಿಗೆ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಬಂದಳು. ಆಗ ಅವಳ ಬಾಯಲ್ಲಿದ್ದ ಜರ್ಮನ್ ಅಂದರೆ ನಮಸ್ಕಾರ, ಥ್ಯಾಂಕ್ಸು, ಒಂದು ಹುಟ್ಟುಹಬ್ಬದ ಹಾಡು.

ಮೊದಲ ವಾರದ ಲೆಕ್ಕದ ಪುಸ್ತಕ ಈಗಲೂ ಕಣ್ಣಿಗೆ ಕಟ್ಟಿದಂಗಿದೆ. ಟೀಚರು ಬಾಯಲ್ಲಿ ಸಂಖ್ಯೆ ಹೇಳಿ ಬರೆಸಿದ್ದಾರೆ. ಪುಟ್ಟ ಪುಟ್ಟ ಚೌಕದ ಹಾಳೆ, ಒಂದೊಂದು ಚೌಕಕ್ಕೆ ಒಂದೊಂದು ಅಂಕಿ. 35 ಇರಬೇಕಾದ ಕಡೆ 53, 24 ಇರಬೇಕಾದ ಕಡೆ 42, ಸಾಲಿಡೀ ಕೆಂಪು ಗೆರೆ. ಜರ್ಮನ್ನಿನಲ್ಲಿ ಮೂವತ್ತೈದಕ್ಕೆ ಫ್ಯುನ್ಫ್ ಉಂಟ್ ಡ್ರೈಸಿಷ್ ಅಂತಾರೆ, ಐದು ಮತ್ತು ಮೂವತ್ತು. ಕಿವಿಗೆ ಐದು ಮೊದಲು ಬಿತ್ತು, ಕೈ ಐದನ್ನ ಮೊದಲು ಬರೆಯಿತು. ಕೂಡೋದು ಕಳೆಯೋದು ಎಲ್ಲ ಬರುತ್ತಿತ್ತು ಅವಳಿಗೆ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ನಮ್ಮ ಮೂವತ್ತೈದು ನೆಟ್ಟಗೇ ಇದೆಯಲ್ಲಮ್ಮ, ಅವರಿಗೇನು ಬಂತು ರೋಗ?" ಅಂದರು. ಕೊನೆಗೆ ನಮ್ಮೆಜಮಾನರು ಒಂದು ದಾರಿ ಹುಡುಕಿದರು. ಮೊದಲು ಕೇಳಿಸಿದ್ದನ್ನ ಬಲಗಡೆ ಚೌಕದಲ್ಲಿ ಬರಿ, ಎಡಗಡೆದು ಖಾಲಿ ಬಿಡು, ಆಮೇಲೆ ತುಂಬು. ಹಂಗೆ ಬರೀಬಾರದು ಅಂತ ಟೀಚರು ಚೀಟಿ ಕಳಿಸಿದರು. ನಾವು ನಾಲ್ಕು ತಿಂಗಳು ಹಂಗೇ ಬರೆಸಿದ್ವಿ.

ಇಷ್ಟು ಯಾಕೆ ಹೇಳಿದೆ ಅಂದರೆ, ಮ್ಯೂನಿಕ್ ಇರೋ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ತರಗತಿ ಅನ್ನೋದು ನಮ್ಮ ಎಸ್ಸೆಸ್ಸೆಲ್ಸಿ ಇದ್ದಂಗೆ. ಪ್ರೈಮರಿ ಅಲ್ಲಿಗೆ ಮುಗಿಯುತ್ತೆ. ಮೇ ತಿಂಗಳಲ್ಲಿ ಒಂದು ಸರ್ಟಿಫಿಕೇಟು ಕೊಡ್ತಾರೆ. ಜರ್ಮನ್, ಗಣಿತ, ಪರಿಸರ ಅಧ್ಯಯನದಂಥ ಇನ್ನೊಂದು, ಈ ಮೂರರ ಸರಾಸರಿ. ಅಲ್ಲಿ 1 ಅಂದರೆ ಭೇಷ್, 6 ಅಂದರೆ ಡುಮ್ಕಿ. ಸರಾಸರಿ 2.33ರವರೆಗಿದ್ದರೆ ಯೂನಿವರ್ಸಿಟಿಗೆ ನೇರ ದಾರಿಯಾದ ಗಿಮ್ನಾಸಿಯಮ್, 2.66ರವರೆಗಿದ್ದರೆ ಹತ್ತನೇ ತರಗತಿವರೆಗಿನ ರೆಆಲ್‌ಷೂಲೆ, ಉಳಿದವರಿಗೆ ಹೆಚ್ಚಾಗಿ ಕಸುಬಿನ ತರಬೇತಿ ಕಡೆ ಒಯ್ಯೋ ಮಿಟ್ಟೆಲ್‌ಷೂಲೆ. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ! ನನಗೆ ಇವತ್ತಿಗೂ ಈ ಪದ್ಧತಿ ಜೀರ್ಣ ಆಗಿಲ್ಲ. ಬರ್ಲಿನ್‌ನಲ್ಲಾದರೆ ಪ್ರೈಮರಿ ಆರು ವರ್ಷ, ಮಕ್ಕಳಿಗೆ ಉಸಿರಾಡಲು ಜಾಗ ಸಿಗುತ್ತೆ.

ನನ್ನ ಮಗಳು ಮೂರನೇ ತರಗತಿ ಎರಡು ಸಲ ಓದಿದಳು, ನಾವೇ ಕೇಳಿ ಓದಿಸಿದ್ವಿ. ಸರಾಸರಿ 2.66 ಬಂತು, ರೆಆಲ್‌ಷೂಲೆಗೆ ಹೋದಳು. ಜರ್ಮನ್ ಶಾಲೆಯಲ್ಲಿ ಒಂದನೇ ತರಗತಿಯಿಂದ ಓದದೆ ನಡುವೆ ಸೇರಿದ, ಮನೆಮಾತು ಜರ್ಮನ್ ಅಲ್ಲದ ಮಕ್ಕಳಿಗೆ, ಭಾಷೆಯ ಕಾರಣಕ್ಕೇ ಅಂಕ ಕಡಿಮೆಯಾಗಿದೆ ಅಂತ ಶಾಲೆಗೆ ಅನಿಸಿದರೆ, 3.33ರವರೆಗೂ ಗಿಮ್ನಾಸಿಯಮ್‌ಗೆ ಯೋಗ್ಯ ಅಂತ ಬರೆದುಕೊಡಬಹುದು. ಈ ನಿಯಮ ನನಗೆ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ. ನೀವು ಬರೆದಿಟ್ಟುಕೊಳ್ಳಿ. ಅವಳೀಗ ಒಂಬತ್ತನೇ ತರಗತಿ, ಗೆಲುವಾಗಿದ್ದಾಳೆ. ಹತ್ತಾದ ಮೇಲೆ ಬೇರೆ ದಾರಿಯಿಂದ ಮುಂದಕ್ಕೆ ಹೋಗಬಹುದು, ಬಾಗಿಲು ಮುಚ್ಚಿಲ್ಲ. ಊರಲ್ಲಿ ಮಾತ್ರ, "ಫೇಲಾಗಿದ್ದಳಂತೆ?" ಅಂತ ಇವತ್ತಿಗೂ ಕೇಳೋರಿದ್ದಾರೆ.

ಈಗ ಶಾಲೆಗಳ ವಿಷಯ. ಪೂರ್ತಿ ಇಂಗ್ಲಿಷಿನ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಐಬಿ ಅನ್ನೋ ಅಂತರರಾಷ್ಟ್ರೀಯ ಪಠ್ಯಕ್ರಮ, ಜರ್ಮನ್ ಬರೀ ಒಂದು ವಿಷಯ. ಸ್ಟಾರ್ನ್‌ಬೆರ್ಗ್ ಕೆರೆ ಕಡೆ ಒಂದು, ಉತ್ತರಕ್ಕೆ ಹೈಮ್‌ಹೌಸನ್‌ನಲ್ಲಿ ಒಂದು ದೊಡ್ಡವು. ಬಸ್ಸು, ಸಂಜೆವರೆಗೆ ಶಾಲೆ, ಎಲ್ಲ ಅನುಕೂಲ. ಯುರೋಪಿಯನ್ ಸ್ಕೂಲ್ ಅಂತ ಇನ್ನೊಂದಿದೆ, 1977ರಲ್ಲಿ ಶುರುವಾದದ್ದು. ಅದು ಮುಖ್ಯವಾಗಿ ಯುರೋಪಿನ ಪೇಟೆಂಟ್ ಕಚೇರಿ ನೌಕರರ ಮಕ್ಕಳಿಗೆ, ನಿಮಗೆ ಸಿಗೋದು ಕಷ್ಟ, ಬಿಡಿ. ಆಮೇಲೆ ನಿಜವಾದ ಬೈಲಿಂಗ್ವಲ್ ಖಾಸಗಿ ಶಾಲೆಗಳು. ಬವೇರಿಯಾದ್ದೇ ಪಠ್ಯ, ಅರ್ಧ ಜರ್ಮನ್ನಿನಲ್ಲಿ ಅರ್ಧ ಇಂಗ್ಲಿಷಿನಲ್ಲಿ. ಇಂಟರ್‌ನ್ಯಾಷನಲ್‌ಗಿಂತ ಅಗ್ಗ, ಪುಕ್ಕಟೆ ಅಲ್ಲ.

ಇಲ್ಲಿ ಒಂದು ಪದ ನೋಡಲೇಬೇಕು. ಕೆಲವು ಶಾಲೆ ಸರ್ಕಾರದ ಅನುಮತಿ ಪಡೆದಿರ್ತವೆ, ಗೆನೆಮಿಗ್ಟ್ ಅಂತಾರೆ. ಕೆಲವಕ್ಕೆ ಸರ್ಕಾರದ ಮಾನ್ಯತೆಯೇ ಇರುತ್ತೆ, ಆನರ್ಕಾಂಟ್. ಕೇಳೋಕೆ ಎರಡೂ ಒಂದೇ ಥರ. ಬರೀ ಅನುಮತಿ ಇರೋ ಶಾಲೆಯ ಮಗು ಸರ್ಕಾರಿ ಗಿಮ್ನಾಸಿಯಮ್‌ಗೆ ಹೋಗಬೇಕಾದರೆ ಶಾಲೆ ಕೊಟ್ಟ ಅಂಕ ನಡೆಯಲ್ಲ. ಮೂರು ದಿನ ಜರ್ಮನ್, ಗಣಿತದ ಪಾಠಕ್ಕೆ ಕೂತು ಪರೀಕ್ಷೆ ಕೊಡಬೇಕು. ಅಡ್ಮಿಷನ್ ಕೌಂಟರಿನಲ್ಲಿ ಇದನ್ನ ತಾವಾಗಿ ಯಾರೂ ಹೇಳಲ್ಲ. ಕೇಳಿದರೆ ಮಾತ್ರ ಹೇಳ್ತಾರೆ.

ಇನ್ನು ಸರ್ಕಾರಿ ಪ್ರೈಮರಿ. ಫೀಸೇ ಇಲ್ಲ, ಆದರೆ ಆಯ್ಕೆ ನಿಮ್ಮದಲ್ಲ, ಮನೆ ವಿಳಾಸದ್ದು. ಯಾವ ಬೀದಿ ಯಾವ ಶಾಲೆಗೆ ಅಂತ ಗಡಿ ಹಾಕಿರ್ತಾರೆ. ಬಾಡಿಗೆ ಮನೆ ಹುಡುಕೋವಾಗಲೇ ಶಾಲೆನೂ ಹುಡುಕಿದಂಗೆ. ಜರ್ಮನ್ ಬಾರದ ಮಕ್ಕಳಿಗೆ ಡಾಯ್ಚ್‌ಕ್ಲಾಸೆ ಅಂತ ಬೇರೆ ತರಗತಿ ಇದೆ, ಎಲ್ಲ ಶಾಲೆಯಲ್ಲೂ ಇರಲ್ಲ. ಪ್ರೈಮರಿ ಮಧ್ಯಾಹ್ನದ ಹೊತ್ತಿಗೇ ಬಿಡುತ್ತೆ, ಕೆಲವು ದಿನ ಹನ್ನೊಂದೂವರೆಗೇ. ಇಬ್ಬರೂ ಕೆಲಸಕ್ಕೆ ಹೋಗೋರಾದರೆ ಮಧ್ಯಾಹ್ನದ ಆರೈಕೆಗೆ ಬೇರೆ ಅರ್ಜಿ. 2026ರ ಆಗಸ್ಟಿನಿಂದ ಒಂದನೇ ತರಗತಿಗೆ ಸೇರೋರಿಗೆ ಇಡೀ ದಿನದ ಆರೈಕೆ ಕಾನೂನಿನ ಹಕ್ಕು, ನಿಮ್ಮ ಮಗನಿಗೆ ಅದು ದಕ್ಕುತ್ತೆ. ಮಗಳಿಗೆ ನೀವೇ ಓಡಾಡಬೇಕು.

ಬೈಲಿಂಗ್ವಲ್ ಅನ್ನೋ ಪದಕ್ಕೆ ಇಷ್ಟು ದುಡ್ಡು ಕೇಳ್ತಾರಲ್ಲ, ನಮ್ಮ ಕೋಲಾರ ಸೀಮೆಯವರಿಗೆ ನಗು ಬರಬೇಕು. ನಮ್ಮನೆಯಲ್ಲಿ ಅಜ್ಜಿ ಜೊತೆ ತೆಲುಗು, ಶಾಲೆಯಲ್ಲಿ ಕನ್ನಡ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಅಪ್ಪ ರೇಷ್ಮೆಗೂಡು ತಗೊಂಡು ಹೋದರೆ ಸಾಬರ ಜೊತೆ ಅವರ ಉರ್ದುನಲ್ಲೇ ಚೌಕಾಸಿ. ಐದನೇ ಕ್ಲಾಸಿಗೆ ಎಬಿಸಿಡಿ. ನಮ್ಮ ಕಡೆಯ ಸಂತರು, ಕೈವಾರದ ತಾತಯ್ಯನವರು (ಯೋಗಿ ನಾರೇಯಣರು) ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು, ಅವರ ಮಠಕ್ಕೆ ಹೋದರೆ ಯಾವ ಹಾಡು ಯಾವ ಭಾಷೆ ಅಂತ ಯಾರೂ ಲೆಕ್ಕ ಇಡಲ್ಲ. ನಮಗೆ ಈ ಭಾಷೆಗಳೆಲ್ಲ ಹೆಂಗೆ ಹತ್ತಿದವು? ಒಂದೊಂದು ಭಾಷೆಗೂ ಒಬ್ಬೊಬ್ಬ ಮನುಷ್ಯ ಇದ್ದ, ಆ ಭಾಷೆ ಇಲ್ಲದೆ ಆಗದ ಒಂದೊಂದು ಕೆಲಸ ಇತ್ತು. ಅಜ್ಜಿ ಹತ್ತಿರ ಕಡಲೆಮಿಠಾಯಿ ಕೇಳಬೇಕಾದರೆ ತೆಲುಗು ಬೇಕಿತ್ತು, ಅಷ್ಟೇ.

ಶಾಲೆಯನ್ನೂ ಹಂಗೇ ನೋಡಿ. ಓಪನ್ ಹೌಸ್ ದಿನ ಹೋಗಬೇಡಿ, ಅವತ್ತು ಮದುವೆಮನೆ ಥರ ಸಿಂಗಾರ ಇರುತ್ತೆ. ಕೆಲಸದ ದಿನ ಟೈಮ್ ಕೇಳಿಕೊಂಡು, ಬಿಡುವಿನ ಹೊತ್ತಿಗೆ ಸರಿಯಾಗಿ ಹೋಗಿ. ಚೆಂಡಿಗೆ ಜಗಳ ಆಡೋ ಮಕ್ಕಳು ಯಾವ ಭಾಷೆಯಲ್ಲಿ ಬೈತಾವೆ ಕೇಳಿಸಿಕೊಳ್ಳಿ. ಅದೇ ಆ ಶಾಲೆಯ ಭಾಷೆ. ಆಮೇಲೆ ಆಫೀಸಿನಲ್ಲಿ ಗಣಿತ ಯಾವ ಭಾಷೆಯಲ್ಲಿ, ಯಾರು ಹೇಳಿಕೊಡ್ತಾರೆ, ಆ ಟೀಚರು ಎಷ್ಟು ವರ್ಷದಿಂದ ಇದ್ದಾರೆ, ನಾಲ್ಕನೇ ತರಗತಿ ಮುಗಿಸಿದ ಮಕ್ಕಳು ಹೋದ ವರ್ಷ ಎಲ್ಲೆಲ್ಲಿಗೆ ಹೋದರು ಅಂತ ಕೇಳಿ. ಕೊನೇ ಪ್ರಶ್ನೆಗೆ ತಡವರಿಸಿದರೆ ಕೋಟು ಹಾಕಿಕೊಂಡು ಹೊರಟುಬಿಡಿ.

ಇಂಗ್ಲಿಷ್ ಹೋಗುತ್ತಾ ಅಂದಿರಿ. ಹೋಗಲ್ಲ. ನನ್ನ ಮಗ ಎರಡೂವರೆ ವರ್ಷಕ್ಕೇ ಜರ್ಮನ್ ಶಿಶುವಿಹಾರ, ಆಮೇಲೆ ಸರ್ಕಾರಿ ಪ್ರೈಮರಿ, ಈಗ ಗಿಮ್ನಾಸಿಯಮ್‌ನಲ್ಲಿ ಆರನೇ ತರಗತಿ. ಇಂಗ್ಲಿಷ್ ಅಲ್ಲಿ ಐದರಿಂದ ಜೋರಾಗಿ ಶುರು. ಅಷ್ಟರೊಳಗೆ ಮನೆಯ ಪುಸ್ತಕ, ಬೆಂಗಳೂರಿನ ಕಸಿನ್‌ಗಳು, ಯೂಟ್ಯೂಬು ಅರ್ಧ ಕೆಲಸ ಮುಗಿಸಿದ್ದವು.

ಹೋಗೋದು ಕನ್ನಡ. ಅದಕ್ಕೆ ಯಾವ ಶಾಲೆಯೂ ಜವಾಬ್ದಾರಿ ತಗೊಳಲ್ಲ. ಮಾತು ಉಳಿಸಿಕೊಂಡ್ವಿ, ಓದು ಮಾತ್ರ ತಡವಾಯಿತು. ಶನಿವಾರ ನಾವು ನಾಲ್ಕು ಮನೆಯವರು ಸೇರಿ ಎರಡು ಗಂಟೆ ಅಕ್ಷರ ತಿದ್ದಿಸ್ತೀವಿ. ಮೊನ್ನೆ ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಬೋರ್ಡ್ ಓದುತ್ತಾ ನಿಂತಳು. ಕೈವಾರ ಸಲೀಸಾಗಿ ಓದಿದಳು. ಮುಂದಿನ ಬಸ್ಸು ಶಿಡ್ಲಘಟ್ಟದ್ದು. "ಶಿ… ಡ… ಲ… ಘ… ಟ… ಟ" ಅಂತ ಬಿಡಿಬಿಡಿಯಾಗಿ ಓದಿ, "ಕೆಳಗೆ ಯಾಕಮ್ಮ ನೇತಾಡ್ತಾವೆ?" ಅಂದಳು. ಪಕ್ಕದಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದ ಅಜ್ಜಿ ಒತ್ತಕ್ಷರ ಹೇಳಿಕೊಟ್ಟಿತು. ಬಸ್ಸು ಹೋಯಿತು, ಅರ್ಧ ಗಂಟೆ ಕಾದ್ವಿ.

ವಾಪಸ್ ಬರೋ ಯೋಚನೆ ಇದ್ದರೆ ಇದೂ ಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಕರ್ನಾಟಕದಲ್ಲಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಸಬೇಕು, 2017-18ರಿಂದ ಒಂದನೇ ತರಗತಿಯಿಂದ ಹಂತ ಹಂತವಾಗಿ ತಂದಿದ್ದಾರೆ. ಅದರ ಬಗ್ಗೆ ಕೋರ್ಟು ಕಚೇರಿ ನಡೆದಿದೆ, ಅದು ಬೇರೆ ಮಾತು. ಎಂಟನೇ ತರಗತಿಗೆ ಬಂದ ಮಗು ಕಾಗುಣಿತದಿಂದ ಶುರುಮಾಡೋದು ಏನು ಅಂತ ನನ್ನ ತಂಗಿ ಮನೆಯಲ್ಲಿ ನೋಡಿದ್ದೀನಿ.

ಇನ್ನು ನಿಮ್ಮ ಲೆಕ್ಕ. ಮಗಳು ನವೆಂಬರಿನಲ್ಲಿ ಎರಡನೇ ತರಗತಿಗೆ ಸೇರ್ತಾಳೆ. ಅಲ್ಲಿಂದ ಎರಡು ವರ್ಷ ಎಣಿಸಿ. ಕಂಪನಿ ದುಡ್ಡು ನಿಲ್ಲೋದು ಸರಿಯಾಗಿ ನಾಲ್ಕನೇ ತರಗತಿಯ ನವೆಂಬರಿಗೆ, ಸರ್ಟಿಫಿಕೇಟಿಗೆ ಆರು ತಿಂಗಳು ಮುಂಚೆ! ನಮಗಿಂತ ಕೆಟ್ಟ ಗಳಿಗೆ. ಮೂರು ವರ್ಷದೊಳಗೆ ವಾಪಸ್ ಅಂತ ಕಾಗದದಲ್ಲಿ ಇದ್ದು, ಫೀಸೂ ಅಷ್ಟು ವರ್ಷಕ್ಕೆ ಬರೆಸಿಕೊಂಡಿದ್ದರೆ ಮಾತ್ರ ಇಂಗ್ಲಿಷ್ ಶಾಲೆ. ಇಲ್ಲದಿದ್ದರೆ ಮಾನ್ಯತೆ ಇರೋ ಬೈಲಿಂಗ್ವಲ್, ಅಥವಾ ಮೊದಲ ದಿನದಿಂದಲೇ ಸರ್ಕಾರಿ. ನಾನಾಗಿದ್ದರೆ ಸರ್ಕಾರಿ. ಮೊದಲ ಮೂರು ತಿಂಗಳು ಅಳ್ತಾಳೆ, ನೀವೂ ಅಳ್ತೀರಿ. ಮಗನ ವಿಷಯದಲ್ಲಿ ಎರಡು ಮಾತಿಲ್ಲ, ಜರ್ಮನ್ ಶಿಶುವಿಹಾರ. ಶಾಲೆಗೆ ಮುಂಚೆ 240 ಗಂಟೆಯ ಭಾಷಾ ತರಗತಿ ಇದೆ, ಅದಕ್ಕೂ ಹೆಸರು ಬರೆಸಿ.

ಖಾಸಗಿಗೇ ಹಾಕಿದರೆ, ನೀವು ಕೈಯಿಂದ ಕಟ್ಟಿದ ಬೋಧನಾ ಶುಲ್ಕದ ಶೇ. 30ರಷ್ಟನ್ನು, ಒಂದು ಮಗುವಿಗೆ ವರ್ಷಕ್ಕೆ 5,000 ಯೂರೋ ಮಿತಿಯಲ್ಲಿ, ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ಊಟದ ದುಡ್ಡು ಅದರಲ್ಲಿ ಬರಲ್ಲ. ನಮ್ಮವರು ಕೆಲವರು ಇಂಡಿಯಾದ ಆನ್‌ಲೈನ್ ಶಾಲೆ ಮನೆಯಲ್ಲೇ ಓದಿಸ್ತೀವಿ ಅಂತಾರೆ. ಅದು ಅಲ್ಲಿ ನಡೆಯಲ್ಲ, ಮಗು ಶಾಲೆಗೆ ಹೋಗಲೇಬೇಕು ಅನ್ನೋದು ಕಾನೂನು. ಅಗ್ಗದ ಟಿಕೆಟ್ ಅಂತ ರಜೆಗೆ ಎರಡು ದಿನ ಮುಂಚೆ ಹೊರಟರೂ ದಂಡ ಬೀಳಬಹುದು. ವಿಮಾನ ನಿಲ್ದಾಣದಲ್ಲಿ ಪೊಲೀಸರು ಮಕ್ಕಳನ್ನ ನೋಡಿ ವಿಚಾರಿಸಿದ್ದಿದೆ.

ಸೆಪ್ಟೆಂಬರ್ ಎರಡನೇ ವಾರ ನಾವು ವಾಪಸ್. ನೀವು ಬಂದ ಮೇಲೆ ಒಂದು ಭಾನುವಾರ ಮನೆಗೆ ಬನ್ನಿ, ಮಗಳ ಹಳೇ ಜರ್ಮನ್ ಪುಸ್ತಕ ಒಂದು ಡಬ್ಬ ಇದೆ, ತಗೊಂಡು ಹೋಗುವಿರಂತೆ. ನಿಮ್ಮ ಅತ್ತೆಮನೆ ಇಲ್ಲೇ ಅಲ್ವಾ, ರಾಗಿಹಿಟ್ಟು ಕೊಟ್ಟರೆ ತಂದುಕೊಡ್ತೀನಿ. ಎರಡು ಕೆಜಿ ಮೇಲೆ ಬೇಡ, ಅಮ್ಮ ಆಗಲೇ ಸೂಟ್‌ಕೇಸಿನ ಅರ್ಧ ಹುರಿಹಿಟ್ಟು ತುಂಬಿಟ್ಟಿದ್ದಾರೆ.