ಸುರಂಗ ತೋಡುವವನಿಗೆ ನೀರಿನ ಆಸೆ ಇಲ್ಲವೇ?

ಕಾಸರಗೋಡಿನ ಪೆರ್ಲದ ಓದುಗರೊಬ್ಬರು, ಹೆಸರು ಬೇಡ ಎಂದಿದ್ದಾರೆ, ಹೀಗೆ ಬರೆದಿದ್ದಾರೆ: “ಸರ್ಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ‘ನನಗೆ ಕೆಲಸ ಸಿಕ್ಕಿದೆ’ ಅಂತ ಬೆಳಿಗ್ಗೆ 3 ಸಲ, ಮಧ್ಯಾಹ್ನ 6 ಸಲ, ರಾತ್ರಿ 9 ಸಲ ಬರೆಯುತ್ತೇನೆ. ಬಯಸಿದ್ದು ಸಿಕ್ಕೇಬಿಟ್ಟಿದೆ ಅಂತ ನಂಬಿ ಅದನ್ನು ಬರಿಸಿಕೊಳ್ಳುವುದು, ಮ್ಯಾನಿಫೆಸ್ಟೇಷನ್ ಅಂತಾರೆ. ಬರೆದ ಮೇಲೆ ಮರೆತುಬಿಡಬೇಕು, ಆಗಲೇ ಸಿಗುವುದು ಅಂತ ವೀಡಿಯೋದಲ್ಲಿ ಹೇಳುತ್ತಾರೆ. ಗೀತೆಯಲ್ಲಿ ಫಲ ಬಿಡು ಎಂದದ್ದೂ ಇದೇ ತಾನೇ? ಅಮ್ಮ ಮಾತ್ರ ಆಸೆಯೇ ತಪ್ಪು ಅನ್ನುತ್ತಾರೆ. ಯಾರು ಸರಿ?”

ತಂಗೀ, ಬರೆಯುವುದರಲ್ಲಿ ತಪ್ಪೇನಿಲ್ಲ. ಏನು ಬೇಕು ಅಂತ ಕಾಗದಕ್ಕೆ ಇಳಿಸಿದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ. ಅಷ್ಟು ಒಪ್ಪಿದೆ. ವೀಡಿಯೋದವರ ಮರೆಯುವುದೂ ಗೀತೆಯ ಬಿಡುವುದೂ ಒಂದೇ ಅನ್ನುವುದನ್ನು ಮಾತ್ರ ಒಪ್ಪಲಾರೆ. ಸಿಗಲಿ ಅಂತಲೇ ಬಿಟ್ಟರೆ ಅದು ಬಿಟ್ಟ ಹಾಗಲ್ಲ. ಕೈ ಬಿಟ್ಟು, ಕಣ್ಣನ್ನು ಅಲ್ಲೇ ಇಟ್ಟುಕೊಂಡ ಹಾಗೆ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಜನಕರಾಜನಿಗೆ ಹೇಳುವ ಮಾತೊಂದು ಉಂಟು. ಆಸೆ ಹೇಗೋ ಸಂಕಲ್ಪ ಹಾಗೆ, ಸಂಕಲ್ಪ ಹೇಗೋ ಕೆಲಸ ಹಾಗೆ, ಕೆಲಸ ಹೇಗೋ ಸಿಗುವುದೂ ಹಾಗೆ. ಮೆಟ್ಟಿಲು ನಾಲ್ಕು. ನಿಮ್ಮ ವೀಡಿಯೋದವರು ಆಸೆಯಿಂದ ನೇರ ಕೊನೆಯ ಮೆಟ್ಟಿಲಿಗೆ ಹಾರುತ್ತಾರೆ. ಕೆಲಸ ಎಲ್ಲಿ ಹೋಯಿತು? ಅದೇ ಮಾತು ಮುಂದೆ ಹೋಗಿ ಆಸೆ ಬಿಟ್ಟವನನ್ನು ಇನ್ನೂ ಎತ್ತರದಲ್ಲಿ ಕೂರಿಸುತ್ತದೆ, ನಿಜ. ಅಮ್ಮನ ಮಾತಿಗೆ ಅಷ್ಟು ಆಧಾರ ಉಂಟು.

ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕವನ್ನು ನಾವೆಲ್ಲ ಅರ್ಧಕ್ಕೇ ನಿಲ್ಲಿಸುತ್ತೇವೆ. ‘ಮಾ ಫಲೇಷು ಕದಾಚನ’ದವರೆಗೆ ಬಾಯಿಪಾಠ. ಅದರ ಕೊನೆಯ ಪಾದ ‘ಮಾ ತೇ ಸಂಗೋಽಸ್ತ್ವಕರ್ಮಣಿ’. ಏನೂ ಮಾಡದೆ ಕೂರುವುದಕ್ಕೂ ಅಂಟಿಕೊಳ್ಳಬೇಡ ಅಂತ. ಇದನ್ನು ಯಾರೂ ಹೇಳುವುದಿಲ್ಲ. ಯಾಕೆ ಅಂತ ನನಗೆ ಸಿಟ್ಟೇ ಬರುತ್ತದೆ.

ನಾನು ಸಣ್ಣವನಿದ್ದಾಗ ನಮ್ಮ ಗುಡ್ಡೆಯಲ್ಲಿ ನೀರಿಗಾಗಿ ಸುರಂಗ ತೋಡಿಸಿದ್ದರು. ನಿಮ್ಮ ಪೆರ್ಲದ ಕಡೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬ ಆಳು ಬಗ್ಗಿ ಹೋಗುವಷ್ಟು ಅಗಲ, ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆತ. ತೋಡುತ್ತಿದ್ದವರು ವಯಸ್ಸಾದವರು. ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲಿ ಕ್ಯಾಂಡಲ್. ಕ್ಯಾಂಡಲ್ ನಂದಿದರೆ ಗಾಳಿ ಸಾಲದು ಅಂತ ಲೆಕ್ಕ, ಹೊರಗೆ ಬರಬೇಕು. ದಿನಾ ಸಂಜೆ ನಾನು ಕೇಳುತ್ತಿದ್ದೆ, “ನೀರು ಬರ್ತದಾ ಅಜ್ಜ?” ಅವರು “ಇವತ್ತು ಅರ್ಧ ಕೋಲು ಆಯಿತು” ಅನ್ನುತ್ತಿದ್ದರು. ಕೋಲು ಅಂದರೆ ತೋಡಿದ ಉದ್ದದ ಅಳತೆ. ಬೇರೆ ಉತ್ತರ ಇಲ್ಲ. ಆದರೆ ಹೊರಗೆ ಬರುವ ಮೊದಲು ಕೊನೆಯ ಗೋಡೆಗೆ ಅಂಗೈ ಒತ್ತಿ, ತಂಪು ಉಂಟಾ ಅಂತ ನೋಡುತ್ತಿದ್ದರು. ಪ್ರತಿ ದಿನ! ಆಸೆ ಇಲ್ಲದವರು ಹಾಗೆ ನೋಡುತ್ತಾರಾ?

ಇಪ್ಪತ್ತೆಂಟು ಕೋಲು ತೋಡಿದರು. ನೀರು ಬರಲಿಲ್ಲ. ಎರಡು ದಿನ ಬಿಟ್ಟು ಗುಡ್ಡೆಯ ಆಚೆ ಬದಿಯಲ್ಲಿ ಹೊಸದು ಶುರು ಮಾಡಿದರು. ಅದರಲ್ಲಿ ಬೆರಳು ದಪ್ಪದ ನೀರು ಸಿಕ್ಕಿತು. ನಮ್ಮ ತೋಟ ಉಳಿದದ್ದು ಅದರಲ್ಲಿ.

ಗೀತೆಯ 18ನೇ ಅಧ್ಯಾಯ ಓದುವಾಗ ನನಗೆ ಆ ಅಜ್ಜನೇ ನೆನಪಾಗುತ್ತಾರೆ. ಯಾವ ಕೆಲಸಕ್ಕೂ ಐದು ಕಾರಣ ಅನ್ನುತ್ತಾನೆ ಕೃಷ್ಣ: ಜಾಗ, ಮಾಡುವವನು, ಸಲಕರಣೆ, ಬೇರೆ ಬೇರೆ ಪ್ರಯತ್ನ, ಐದನೆಯದು ದೈವ. ಗುಡ್ಡೆ, ಅಜ್ಜ, ಪಿಕ್ಕಾಸು, ತೋಡುವುದು, ಮತ್ತೆ ಒಳಗಿನ ನೀರಿನ ದಾರಿ. ಕಣ್ಣಿಗೆ ಕಾಣದ್ದು ಕೊನೆಯದೊಂದೇ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಬಗ್ಗಿಸಲಿಕ್ಕೆ ಆಗುವುದಿಲ್ಲ.

‘ಕೃಷ್ಣ ಸಂಧಾನ’ ತಾಳಮದ್ದಳೆ ಕೇಳಿದ್ದೀರಲ್ಲ? ಸಂಧಿ ಆಗುವುದಿಲ್ಲ ಅಂತ ಗೊತ್ತಿದ್ದೂ ಕೃಷ್ಣ ಹಸ್ತಿನಾವತಿಗೆ ಹೋಗುತ್ತಾನೆ. ಯಾಕೆ ಬಂದೆ ಅಂದ ವಿದುರನಿಗೆ ಮಹಾಭಾರತದಲ್ಲಿ ಅವನ ಉತ್ತರ ಇದು: ಶಕ್ತಿ ಇದ್ದಷ್ಟೂ ಧರ್ಮದ ಕೆಲಸ ಮಾಡಿ ಸೋತರೂ ಅದರ ಪುಣ್ಯ ಸಿಕ್ಕಿಯೇ ಸಿಗುತ್ತದೆ. ಹೋದದ್ದು ಮಾತ್ರ ಪೂರ್ತಿ ಮನಸ್ಸಿಟ್ಟು. ಸುಮ್ನೆ ಹೋಗಿ ಬಂದದ್ದಲ್ಲ.

ಈ ಮಾತು ಬಂದಾಗ ನಮ್ಮ ನೆಲದ್ದೇ ಸಂಗತಿ ಹೇಳದೆ ಇರಲಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ವರದಿ ಹೇಳಿತು. ಜಾರಿ ಆಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಹೋರಾಡಿದರು, ಪಾಠ ಮಾಡಿದರು, ಪದ್ಯ ಬರೆದರು, ತೋಟ ನೋಡಿಕೊಂಡರು. ನೂರು ತುಂಬಿ 2015ರಲ್ಲಿ ಹೋದರು. ಬಯಸಿದ್ದನ್ನು ಕಾಣಲಿಲ್ಲ. ಬಯಸುವುದನ್ನೂ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಈಗ ನಾವು? ಕನ್ನಡ ಉಳಿಯಲಿ ಅಂತ ವೇದಿಕೆಯಲ್ಲಿ ಬಯಸುತ್ತೇವೆ. ಜೂನ್ ಬಂದರೆ ಮಗುವನ್ನು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸುತ್ತೇವೆ. ಕಚೇರಿಯಲ್ಲಿ ಅರ್ಜಿ ನಮೂನೆಯನ್ನು ಕನ್ನಡದಲ್ಲಿ ಕೊಡಿ ಅಂತ ಕೇಳಲಿಕ್ಕೂ ನಾಚಿಕೆ. ಕೇಳಿದರೆ ಕೊಡಬೇಕಾಗುತ್ತದೆ, ಕೇಳುವವರೇ ಇಲ್ಲದಿದ್ದರೆ ಯಾಕೆ ಅಚ್ಚು ಹಾಕುತ್ತಾರೆ? ಇದೂ ನಿಮ್ಮ 3-6-9ರ ಹಾಗೆಯೇ, ಅಲ್ವಾ? ಬಯಕೆ ಜಾಸ್ತಿ, ತೋಡುವವರು ಕಡಿಮೆ.

ನೀವು ಒಳ್ಳೆಯ ಕನ್ನಡ ಬರೆಯುತ್ತೀರಿ. ಪ್ರಶ್ನೆ ಹೊಳೆದದ್ದೇ ದೊಡ್ಡದು. ರಾತ್ರಿಯ ಆ 9 ಸಾಲಿನ ಹೊತ್ತಿಗೆ ಒಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿ. ಎಷ್ಟು ತಪ್ಪಾಯಿತು ಅಂತ ನನಗೆ ಬರೆಯಿರಿ. ಅಮ್ಮನಿಗೆ ಆ ಕೊನೆಯ ಪಾದವನ್ನು ಓದಿ ಹೇಳಿ.

— ಸಂಪಾದಕ