ಎಲ್‌ಕೆ-99 ಕಲ್ಲು ಅಯಸ್ಕಾಂತದ ಮೇಲೆ ಎದ್ದು ನಿಂತಿತ್ತಲ್ಲ, ಮತ್ಯಾಕೆ ಅದು ಸೂಪರ್‌ಕಂಡಕ್ಟರ್ ಅಲ್ಲ ಅಂದರು? ಮುಂದೆ ಇಂಥ ಸುದ್ದಿ ಬಂದರೆ ಪರೀಕ್ಷಿಸಿ ನೋಡುವುದು ಹೇಗೆ?

ನೀವು ಕೇಳಿರುವುದು ಎರಡು ಸಂಗತಿ. 2023ರ ಜುಲೈನಲ್ಲಿ ಕೊರಿಯಾದ ತಂಡ ಕೋಣೆಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ (ರೋಧವೇ ಇಲ್ಲದೆ ಕರೆಂಟ್ ಹರಿಸುವ, ಕಾಂತಕ್ಷೇತ್ರವನ್ನು ಹೊರದೂಡುವ ವಸ್ತು) ಎಂದು ತೋರಿಸಿದ ಆ ಕಪ್ಪು ಚೂರು ಎಲ್ಲಿ ಸೋತಿತು ಅನ್ನುವುದು ಒಂದು. ನಾಳೆ ಇಂಥದ್ದೇ ಇನ್ನೊಂದು ಸುದ್ದಿ ಬಂದರೆ ಪ್ರಬಂಧ ತೆರೆದು ಏನು ನೋಡಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಚಿಕ್ಕ ಉತ್ತರ ಇದೆ: ಅಳತೆಯಲ್ಲಿ ಕಂಡದ್ದು ಎಲ್‌ಕೆ-99ರ ಗುಣವಲ್ಲ, ಅದರೊಳಗೆ ಬೆರೆತು ಉಳಿದಿದ್ದ ತಾಮ್ರದ ಸಲ್ಫೈಡಿನ ಗುಣ.

ತಯಾರಿಸಿದ ಕ್ರಮ ನೋಡಿದರೆ ಈ ಕಲ್ಮಷ ಎಲ್ಲಿಂದ ಬಂತು ಅನ್ನುವುದು ಸ್ಪಷ್ಟವಾಗುತ್ತದೆ. ಸೀಸದ ಆಕ್ಸೈಡ್ ಮತ್ತು ಸೀಸದ ಸಲ್ಫೇಟನ್ನು ಸಮಪಾಲಿನಲ್ಲಿ ಅರೆದು 725 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಕಾಯಿಸಿದರೆ ಲನಾರ್ಕೈಟ್ ಎಂಬ ಸೀಸ, ಗಂಧಕ, ಆಕ್ಸಿಜನ್‌ಗಳ ಸಂಯುಕ್ತ ಸಿಗುತ್ತದೆ. ಇನ್ನೊಂದು ಕಡೆ ತಾಮ್ರ ಮತ್ತು ರಂಜಕದ ಪುಡಿಯನ್ನು ಗಾಳಿ ತೆಗೆದು ಮುಚ್ಚಿದ ಕೊಳವೆಯಲ್ಲಿ 550 ಡಿಗ್ರಿಗೆ 48 ಗಂಟೆ ಇಟ್ಟರೆ ತಾಮ್ರದ ಫಾಸ್ಫೈಡ್. ಆಮೇಲೆ ಎರಡನ್ನೂ ಅರೆದು ಬೆರೆಸಿ, ಮತ್ತೆ ನಿರ್ವಾತ ಕೊಳವೆಯಲ್ಲಿ 925 ಡಿಗ್ರಿಗೆ 5ರಿಂದ 20 ಗಂಟೆ. (ಕ್ರಮ ಸರಳವಾಗಿ ಕಾಣುತ್ತದೆಂದು ಮನೆಯಲ್ಲಿ ಕೈ ಹಾಕಬೇಡಿ. ಸೀಸದ ಪುಡಿ ವಿಷ, ಒಳಗೆ ರಂಜಕದ ಆವಿ ಒತ್ತಿದಾಗ ಮುಚ್ಚಿದ ಕೊಳವೆ ಸಿಡಿಯುತ್ತದೆ.)

ಈಗ ಲೆಕ್ಕ ಹಾಕಿ. ಕೊನೆಗೆ ಬರಬೇಕಾದ ಹರಳು ಸೀಸ, ತಾಮ್ರ, ಫಾಸ್ಫೇಟ್ ಮತ್ತು ಆಕ್ಸಿಜನ್‌ದು. ಅದರಲ್ಲಿ ಗಂಧಕಕ್ಕೆ ಜಾಗವೇ ಇಲ್ಲ. ಹಾಗಾದರೆ ಲನಾರ್ಕೈಟಿನಲ್ಲಿದ್ದ ಗಂಧಕ ಎಲ್ಲಿಗೆ ಹೋಗಬೇಕು? 5 ಪಾಲು ಲನಾರ್ಕೈಟ್, 6 ಪಾಲು ಫಾಸ್ಫೈಡ್ ಹಿಡಿದು ಸಮೀಕರಣ ಸರಿದೂಗಿಸಿದರೆ, 1 ಪಾಲು ಎಲ್‌ಕೆ-99 ಜೊತೆ 17 ಪಾಲು ತಾಮ್ರ, 5 ಪಾಲು ಗಂಧಕ ಮತ್ತು 1 ಪಾಲು ಸೀಸ ಉಳಿಯುತ್ತವೆ. ಅಷ್ಟು ಬಿಸಿಯಲ್ಲಿ ಮುಚ್ಚಿದ ಕೊಳವೆಯೊಳಗೆ ಎದುರುಬದುರಾದ ತಾಮ್ರ ಮತ್ತು ಗಂಧಕ ಸೇರದೆ ಇರುವುದಿಲ್ಲ. ಹೀಗೆ ಹುಟ್ಟುವ ತಾಮ್ರದ ಸಲ್ಫೈಡಿನ ಹರಳು ರಚನೆ 104 ಡಿಗ್ರಿಯ ಆಸುಪಾಸಿನಲ್ಲಿ ಬದಲಾಗುತ್ತದೆ, ಅದರ ಜೊತೆಗೇ ರೋಧಶೀಲತೆಯೂ (ವಸ್ತು ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) ಥಟ್ಟನೆ ಬದಲಾಗುತ್ತದೆ. ಕೊರಿಯಾದ ತಂಡ ಸೂಪರ್‌ಕಂಡಕ್ಟಿಂಗ್ ಇಳಿಕೆ ಎಂದು ತೋರಿಸಿದ್ದು 104.8 ಡಿಗ್ರಿಯಲ್ಲಿ! ಇಲಿನಾಯ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಪ್ರಶಾಂತ್ ಜೈನ್ ಆ ಸಂಖ್ಯೆ ನೋಡಿಯೇ ಸಲ್ಫೈಡನ್ನು ಗುರುತಿಸಿದರು. ಬೀಜಿಂಗ್‌ನ ಇನ್ನೊಂದು ತಂಡ 5% ಸಲ್ಫೈಡ್ ಇರುವ ಮಾದರಿಯನ್ನೂ 70% ಇರುವ ಮಾದರಿಯನ್ನೂ ಪಕ್ಕಪಕ್ಕದಲ್ಲಿ ಅಳೆಯಿತು. ಇಳಿಕೆ ಕಂಡದ್ದು ಎರಡನೆಯದರಲ್ಲಿ ಮಾತ್ರ. ಕೊನೆಗೆ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಗಂಧಕ ಬರದ ದಾರಿಯಲ್ಲಿ ಶುದ್ಧ ಹರಳು ಬೆಳೆಸಿದರು. ಅದು ನೇರಳೆ ಬಣ್ಣದ ಪಾರದರ್ಶಕ ಹರಳು, ರೋಧ ಹತ್ತಾರು ಲಕ್ಷ ಓಮ್, ಅಂದರೆ ಅಪ್ಪಟ ಅವಾಹಕ.

ಎರಡನೆಯ ಪ್ರಶ್ನೆಗೆ ಬರೋಣ. ಪ್ರಬಂಧದಲ್ಲಿ ಮೊದಲು ರೋಧದ ಗ್ರಾಫ್ ತೆಗೆದು ಲಂಬ ಅಕ್ಷದ ಸಂಖ್ಯೆಗಳನ್ನು ಓದಿ. ಎಲ್‌ಕೆ-99ರಲ್ಲಿ ರೋಧಶೀಲತೆ ಸುಮಾರು 0.02ರಿಂದ 0.002 ಓಮ್-ಸೆಂಟಿಮೀಟರ್‌ಗೆ ಬಿದ್ದಿತ್ತು. ಮಾಮೂಲಿ ತಾಮ್ರದ ತಂತಿಯದು ಕೋಣೆಯ ಉಷ್ಣತೆಯಲ್ಲಿ 0.0000017. ಅಂದರೆ ಇಳಿದ ಮೇಲೂ ಅದು ತಾಮ್ರಕ್ಕಿಂತ ಸಾವಿರ ಪಟ್ಟು ಕೆಟ್ಟ ವಾಹಕ! ಅಕ್ಷದಲ್ಲಿ ದೊಡ್ಡ ಸಂಖ್ಯೆಗಳಿದ್ದರೆ ಎಂಥ ಗೆರೆಯೂ ಸೊನ್ನೆಗೆ ತಾಗಿದಂತೆ ಕಾಣುತ್ತದೆ. ಅದಕ್ಕೇ ಲಾಗ್ ಅಕ್ಷದ (ಒಂದೊಂದು ಹೆಜ್ಜೆಗೂ ಹತ್ತು ಪಟ್ಟು ಬದಲಾಗುವ ಅಕ್ಷ) ಚಿತ್ರ ಇಲ್ಲದಿದ್ದರೆ ನಾನು ಆ ಗ್ರಾಫನ್ನು ನಂಬುವುದಿಲ್ಲ.

ಆಮೇಲೆ ಅಳೆದ ಬಗೆ. ನಾಲ್ಕು ತಂತಿಗಳ ವಿಧಾನವೇ ಆಗಬೇಕು: ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಎರಡೇ ತಂತಿಯಲ್ಲಿ ಅಳೆದರೆ ಬೆಸುಗೆಯ ರೋಧವೂ ಸೇರಿಕೊಳ್ಳುತ್ತದೆ. ಎರಡು ಬೆಸುಗೆಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದರೂ ಮೈಕ್ರೋವೋಲ್ಟ್‌ಗಟ್ಟಲೆ ಸುಳ್ಳು ವೋಲ್ಟೇಜ್ ಹುಟ್ಟುತ್ತದೆ. ಕರೆಂಟಿನ ದಿಕ್ಕು ತಿರುಗಿಸಿ ಮತ್ತೆ ಅಳೆದು, ಎರಡು ಓದಿನ ವ್ಯತ್ಯಾಸದ ಅರ್ಧ ತೆಗೆದುಕೊಂಡರೆ ಅದು ಕಳೆದುಹೋಗುತ್ತದೆ. ಕರೆಂಟ್ 1 ಮಿಲಿಆಂಪಿಯರ್, ಉಪಕರಣದ ಗದ್ದಲ 10 ನ್ಯಾನೋವೋಲ್ಟ್ ಇದ್ದರೆ 10 ಮೈಕ್ರೋಓಮ್‌ಗಿಂತ ಕೆಳಗೆ ಏನಿದೆ ಅನ್ನುವುದು ಆ ಅಳತೆಗೆ ಕಾಣುವುದೇ ಇಲ್ಲ. ಪ್ರಾಮಾಣಿಕ ತಂಡ ಬರೀ 'ಶೂನ್ಯ' ಅನ್ನುವುದಿಲ್ಲ, ಈ ಮಿತಿಯನ್ನೂ ಬರೆಯುತ್ತದೆ.

ನಾಲ್ಕು ತಂತಿಯಲ್ಲೂ ಒಂದು ಮೋಸ ಇದೆ, ಇದಕ್ಕೆ ಅನುಭವಿಗಳೂ ಸಿಕ್ಕಿಬೀಳುತ್ತಾರೆ. ಮಾದರಿಯಲ್ಲಿ ಬಿರುಕಿದ್ದರೆ ಅಥವಾ ಅದು ಬೇರೆ ಬೇರೆ ವಸ್ತುಗಳ ಮಿಶ್ರಣವಾಗಿದ್ದರೆ, ತಣ್ಣಗಾಗುತ್ತಾ ಕರೆಂಟ್ ಸುಲಭದ ದಾರಿ ಹಿಡಿದು ವೋಲ್ಟೇಜ್ ತಂತಿಗಳಿರುವ ಜಾಗವನ್ನು ಬಿಟ್ಟು ಹರಿಯುತ್ತದೆ. ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ, ಕೆಲವೊಮ್ಮೆ ಋಣಾತ್ಮಕವೂ ಆಗುತ್ತದೆ. ರೋಧ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ತಂತಿಗಳ ಪಾತ್ರ ಅದಲುಬದಲು ಮಾಡಿ ಅಳೆದರೆ ಗುಟ್ಟು ಬಯಲಾಗುತ್ತದೆ. ನಿಜವಾದ ಸೂಪರ್‌ಕಂಡಕ್ಟರಿನಲ್ಲಿ ಕಾಂತಕ್ಷೇತ್ರ ಏರಿಸುತ್ತಾ ಹೋದ ಹಾಗೆ ಇಳಿಕೆ ತಣ್ಣನೆಯ ಕಡೆಗೆ ಸರಿಯಬೇಕು, ಅದನ್ನೂ ನೋಡಿ.

ಇನ್ನು ತೇಲುವ ವಿಡಿಯೋ. ಪೈರೊಲಿಟಿಕ್ ಗ್ರಾಫೈಟಿನ ತೆಳುಹಾಳೆ ಕೋಣೆಯ ಉಷ್ಣತೆಯಲ್ಲೇ ನಿಯೋಡಿಮಿಯಮ್ ಅಯಸ್ಕಾಂತಗಳ ಮೇಲೆ ತೇಲುತ್ತದೆ, ಅದೇನೂ ಸೂಪರ್‌ಕಂಡಕ್ಟರ್ ಅಲ್ಲ. ಎಲ್‌ಕೆ-99ರದ್ದು ತೇಲಾಟವೂ ಆಗಿರಲಿಲ್ಲ, ಒಂದು ಅಂಚು ಕೆಳಗೆ ತಾಗಿಕೊಂಡೇ ಇತ್ತು. ಕಬ್ಬಿಣದಂತೆ ಕಾಂತಕ್ಕೆ ಸೆಳೆಯುವ ಅಂಶ ಸ್ವಲ್ಪ ಬೆರೆತ ಚೂರೂ ಹೀಗೆ ವಾಲಿ ಎದ್ದು ನಿಲ್ಲುತ್ತದೆ. ನಿಮಗೆ ಬೇಕಾದ್ದು ಸಂಖ್ಯೆ: ಪೂರ್ಣ ಸೂಪರ್‌ಕಂಡಕ್ಟರಿನ ಕಾಂತ ಪ್ರವೃತ್ತಿ (ಹೊರಗಿನ ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ; ಋಣ ಇದ್ದರೆ ದೂಡುತ್ತದೆ) -1, ಆ ಗ್ರಾಫೈಟಿನದು ಸುಮಾರು -0.0004. ಕ್ಷೇತ್ರವಿಲ್ಲದೆ ತಣಿಸಿ ಒಮ್ಮೆ, ಕ್ಷೇತ್ರದಲ್ಲೇ ತಣಿಸಿ ಒಮ್ಮೆ, ಹೀಗೆ ಎರಡು ವಕ್ರರೇಖೆ ಇರಬೇಕು. ಇಲ್ಲೂ ಎರಡು ಮೋಸಗಳಿವೆ. ದೊಡ್ಡ ಕ್ಷೇತ್ರ ಬಳಸಿದ ಮೇಲೆ ಉಪಕರಣದ ಅಯಸ್ಕಾಂತದಲ್ಲಿ ಸ್ವಲ್ಪ ಉಲ್ಟಾ ಕ್ಷೇತ್ರ ಉಳಿಯಬಹುದು. ಪರದೆ 10 ಓರ್ಸ್ಟೆಡ್ (ಕಾಂತಕ್ಷೇತ್ರ ಅಳೆಯುವ ಮಾನ) ಎಂದು ತೋರಿಸುತ್ತಿರುವಾಗ ನಿಜವಾದ ಕ್ಷೇತ್ರ ಋಣಾತ್ಮಕವಾಗಿದ್ದರೆ ಸಾಮಾನ್ಯ ವಸ್ತುವೂ ಕಾಂತವನ್ನು ದೂಡುವಂತೆ ಕಾಣುತ್ತದೆ. 7.2 ಕೆಲ್ವಿನ್‌ನಲ್ಲಿ (ಸುಮಾರು -266 ಡಿಗ್ರಿ ಸೆಲ್ಸಿಯಸ್) ಸೂಪರ್‌ಕಂಡಕ್ಟರ್ ಆಗುವ ಸೀಸದ ಚೂರೊಂದನ್ನು ಮೊದಲು ಅಳೆದುಕೊಂಡರೆ ಈ ತಪ್ಪು ಹಿಡಿಯಬಹುದು. ಇನ್ನೊಂದು, ಗಾಳಿ ಸೋರಿ ಒಳಬಂದ ಆಕ್ಸಿಜನ್ ಗಟ್ಟಿಯಾಗಿ 50 ಕೆಲ್ವಿನ್ ಹತ್ತಿರ ಒಂದು ಉಬ್ಬು ತೋರಿಸುತ್ತದೆ, ಅದು ಮಾದರಿಯ ಗುಣವಲ್ಲ.

ಎಲ್‌ಕೆ-99 ಸೋತಿತೆಂದು ಈ ಕ್ಷೇತ್ರವನ್ನೇ ಕೈಬಿಡಬೇಡಿ. ಅದೇ 2023ರ ಜುಲೈನಲ್ಲಿ ಪ್ರಕಟವಾದ ಲ್ಯಾಂಥನಮ್-ನಿಕಲ್ ಆಕ್ಸೈಡಿನ ಫಲಿತಾಂಶ ನನ್ನ ಲೆಕ್ಕದಲ್ಲಿ ಅದಕ್ಕಿಂತ ಬಹಳ ದೊಡ್ಡದು: 14 ಗಿಗಾಪಾಸ್ಕಲ್‌ಗಿಂತ ಹೆಚ್ಚಿನ ಒತ್ತಡದಲ್ಲಿ 80 ಕೆಲ್ವಿನ್ ಆಸುಪಾಸಿನಲ್ಲಿ ಸೂಪರ್‌ಕಂಡಕ್ಟಿವಿಟಿಯ ಲಕ್ಷಣ. ಆಮೇಲೆ ಅದರ ತೆಳುಪದರವನ್ನು ಸ್ವಲ್ಪ ಚಿಕ್ಕ ಅಂತರದ ಹರಳಿನ ಮೇಲೆ ಬೆಳೆಸಿ, ಪಕ್ಕದಿಂದ ಹಿಂಡಿದಂತೆ ಮಾಡಿದಾಗ ಸಾಧಾರಣ ಒತ್ತಡದಲ್ಲೇ 40 ಕೆಲ್ವಿನ್ ಆಚೀಚೆ ರೋಧ ಇಳಿಯತೊಡಗಿತು. 'ಇಳಿಯತೊಡಗಿತು' ಅನ್ನುವ ಪದ ಗಮನಿಸಿ. ಮೊದಲ ಪದರಗಳಲ್ಲಿ ರೋಧ ಪೂರ್ತಿ ಸೊನ್ನೆಯಾದದ್ದು ಅದಕ್ಕಿಂತ ಬಹಳ ಕೆಳಗೆ. ಸುದ್ದಿಯಲ್ಲಿ ಬರುವುದು ಸಾಮಾನ್ಯವಾಗಿ ಇಳಿಕೆ ಶುರುವಾದ ಉಷ್ಣತೆ, ಹಾಗಾಗಿ ಗ್ರಾಫ್‌ನಲ್ಲಿ ಸೊನ್ನೆ ಮುಟ್ಟಿದ ಉಷ್ಣತೆಯನ್ನು ನೀವೇ ಹುಡುಕಿ ಪಕ್ಕದಲ್ಲಿ ಬರೆದುಕೊಳ್ಳಿ.